ವೇದಿಕೆಯ ಮೇಲಷ್ಟೇ ಡೊಳ್ಳು ಬಾರಿಸಿದರೆ ಸಾಕೇ?

ಕಳೆದ ವರ್ಷ ನಮ್ಮ ಕಾಲೇಜಿಗೆ ವಿದೇಶಿ ವಿಶ್ವವಿದ್ಯಾಲಯವೊಂದರಿಂದ ನಾಲ್ಕು ಮಂದಿ ಅತಿಥಿಗಳು ಬಂದಿದ್ದರು. ಒಪ್ಪಂದಕ್ಕೆ ಸಹಿ ಹಾಕುವ ಕಾರ್ಯಕ್ರಮ. ಹದಿನೈದು ದಿನ ಮೊದಲೇ ತಯಾರಿ ಶುರುವಾಗಿತ್ತು. ಗೋಡೆಗೆ ಸುಣ್ಣ ಬಣ್ಣ, ಗೇಟಿಗೆ ಮಾವಿನ ತೋರಣ, ಅತಿಥಿಗಳಿಗೆ ಮೈಸೂರು ಪೇಟ, ಶ್ರೀಗಂಧದ ಹಾರ. ‘ನಮ್ಮ ಸಂಸ್ಕೃತಿ ಅವರಿಗೆ ಗೊತ್ತಾಗಬೇಕು’ ಎಂದು ಸಮಿತಿಯವರು ಹೇಳಿದರು. ಹಾವೇರಿ ಕಡೆಯ ಹುಡುಗರು ಯಾರಿದ್ದೀರಿ ಎಂದು ವಿಚಾರಿಸಿ ನನ್ನನ್ನು ಡೊಳ್ಳಿನ ತಂಡಕ್ಕೆ ಸೇರಿಸಿಕೊಂಡರು. ಅಪ್ಪ ನಮ್ಮೂರಿನ ಬೀರಪ್ಪನ ಗುಡಿಯ ಮುಂದೆ ಡೊಳ್ಳು ಬಾರಿಸುವವರು. ನನಗೂ ಎಂಟನೇ ತರಗತಿಯಿಂದ ಅಭ್ಯಾಸವಿತ್ತು. ಹಾಗಾಗಿ ಖುಷಿಯಿಂದಲೇ ಒಪ್ಪಿದೆ.

ಮಳೆಗಾಲ. ಬೆಳಗಿನಿಂದ ಜಿಟಿಜಿಟಿ. ಡೊಳ್ಳಿನ ಚರ್ಮ ಸಡಿಲವಾಗಿ ದನಿ ಸತ್ತುಹೋಗಿತ್ತು. ಆಡಿಟೋರಿಯಂ ಹಿಂದೆ ಒಂದಿಷ್ಟು ರಟ್ಟಿನ ಡಬ್ಬ ಸುಟ್ಟು ಡೊಳ್ಳುಗಳನ್ನು ಕಾಯಿಸಿದೆವು. ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಚಪ್ಪಾಳೆ ಬಿತ್ತು. ಕೆಳಗಿಳಿದು ಬರುವಾಗ ಅತಿಥಿಗಳಲ್ಲಿ ಒಬ್ಬ ಹಿರಿಯ ಪ್ರಾಧ್ಯಾಪಕರು ನನ್ನ ಹತ್ತಿರ ಬಂದರು. ಅವರ ವಿಷಯ ಕಂಪನಶಾಸ್ತ್ರವಂತೆ. ಡೊಳ್ಳಿನ ಎರಡೂ ಬದಿಯನ್ನು ಬೆರಳಿನಿಂದ ತಟ್ಟಿ ನೋಡಿ ಎರಡು ಪ್ರಶ್ನೆ ಕೇಳಿದರು. ಎರಡು ಬದಿಗೆ ಎರಡು ದನಿ ಏಕೆ? ನೀವು ಇದನ್ನು ಬೆಂಕಿಗೆ ಹಿಡಿದದ್ದು ನೋಡಿದೆ, ಅದರಿಂದ ಏನಾಗುತ್ತದೆ?

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಬಿಗಿದ ಪೊರೆ ಎಷ್ಟು ವೇಗವಾಗಿ ಕಂಪಿಸುತ್ತದೆ ಎನ್ನುವುದಕ್ಕೆ ಸೂತ್ರವಿದೆ. ಬಿಗಿತ ಹೆಚ್ಚಾದರೆ ಕಂಪನಾಂಕವೂ ಹೆಚ್ಚುತ್ತದೆ. ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಹಸಿ ಹೀರಿಕೊಂಡ ಚರ್ಮ ಕಾವಿಗೆ ಒಣಗಿ ಬಿಗಿಯಾಗುತ್ತದೆ ಎನ್ನುವುದು ಚಿಕ್ಕಂದಿನಿಂದ ಕಣ್ಣಾರೆ ಕಂಡ ಸಂಗತಿ. ಎರಡೂ ನನ್ನ ತಲೆಯೊಳಗೇ ಇದ್ದವು. ಆದರೆ ಒಂದು ಇಂಗ್ಲಿಷಿನಲ್ಲಿತ್ತು, ಇನ್ನೊಂದು ಕನ್ನಡದಲ್ಲಿತ್ತು. ಅವೆರಡರ ನಡುವೆ ದಾರಿಯೇ ಇರಲಿಲ್ಲ. ‘ಇಟ್ ಈಸ್ ಅವರ್ ಟ್ರೆಡಿಷನ್ ಸರ್’ ಎಂದುಬಿಟ್ಟೆ. ಅವರು ನಕ್ಕು ತಲೆಯಾಡಿಸಿದರು. ಅಷ್ಟರಲ್ಲಿ ಊಟಕ್ಕೆ ತಡವಾಯಿತೆಂದು ಯಾರೋ ಅವರನ್ನು ಕರೆದೊಯ್ದರು.

ಆ ಉತ್ತರ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನಮ್ಮ ವಿಶ್ವವಿದ್ಯಾಲಯಗಳು ಜಗತ್ತಿನ ಜತೆ ಹೇಗೆ ಬೆರೆಯುತ್ತಿವೆ, ಹಾಗೆ ಬೆರೆಯುವಾಗ ತಮ್ಮ ನೆಲದ ಗುರುತನ್ನು ಎಲ್ಲಿ ಇಡುತ್ತಿವೆ ಎಂದು ಯೋಚಿಸಲು ಶುರುಮಾಡಿದ್ದು ಅವತ್ತಿನಿಂದಲೇ.

ಲೆಕ್ಕಕ್ಕೆ ಬರುವುದು, ಬಾರದಿರುವುದು

ಜಗತ್ತಿಗೆ ತೆರೆದುಕೊಳ್ಳುವುದು ಈಗ ಬರೀ ಆಸೆಯಲ್ಲ, ಅಂಕ ತಂದುಕೊಡುವ ಕೆಲಸ. ಕ್ಯುಎಸ್ ವಿಶ್ವ ಶ್ರೇಯಾಂಕದಲ್ಲಿ ವಿದೇಶಿ ಬೋಧಕರ ಪ್ರಮಾಣಕ್ಕೆ ಶೇ 5, ವಿದೇಶಿ ವಿದ್ಯಾರ್ಥಿಗಳ ಪ್ರಮಾಣಕ್ಕೆ ಶೇ 5, ಅಂತರರಾಷ್ಟ್ರೀಯ ಸಂಶೋಧನಾ ಜಾಲಕ್ಕೆ ಶೇ 5ರಷ್ಟು ತೂಕವಿದೆ. ನಮ್ಮಲ್ಲಿ ಯುಜಿಸಿ 2022ರಲ್ಲಿ ವಿದೇಶಿ ವಿದ್ಯಾರ್ಥಿಗಳಿಗಾಗಿ ಶೇ 25ರವರೆಗೆ ಹೆಚ್ಚುವರಿ ಸೀಟು ಕೊಡಲು ಅವಕಾಶ ಮಾಡಿತು. ಅದೇ ವರ್ಷ ವಿದೇಶಿ ವಿಶ್ವವಿದ್ಯಾಲಯಗಳ ಜತೆಗೂಡಿ ಜಂಟಿ ಪದವಿ ನೀಡುವ ನಿಯಮ ಬಂತು. 2023ರಲ್ಲಿ ಅವು ಇಲ್ಲೇ ಕ್ಯಾಂಪಸ್ ತೆರೆಯಬಹುದು ಎಂಬ ನಿಯಮವೂ ಬಂತು. ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು 2025ರಲ್ಲಿ ಒಪ್ಪಿಗೆ ಸಿಕ್ಕಿದೆ.

ಇವುಗಳಲ್ಲಿ ತಪ್ಪೇನೂ ಇಲ್ಲ. ನನಗೂ ಹೊರಗೆ ಹೋಗಿ ಓದುವ ಆಸೆಯಿದೆ. ಹಾಸ್ಟೆಲಿನಲ್ಲಿ ಜಿಆರ್‌ಇ ಪುಸ್ತಕ ಹಿಡಿದು ಕೂತವರಲ್ಲಿ ನಾನೂ ಒಬ್ಬ. ನನ್ನ ಪ್ರಶ್ನೆ ಬೇರೆ. ಒಂದು ಕಾಲೇಜಿನಲ್ಲಿ ಎಷ್ಟು ವಿದೇಶಿಯರಿದ್ದಾರೆ ಎಂದು ಎಣಿಸುವ ವ್ಯವಸ್ಥೆಗೆ, ಪಕ್ಕದ ತಾಲ್ಲೂಕಿನಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಲ್ಲಿ ಎಷ್ಟು ಮಂದಿ ಪದವಿ ಮುಗಿಸಿದರು ಎಂದು ಎಣಿಸಲು ಯಾಕೆ ಬರುವುದಿಲ್ಲ? ಯಾವುದಕ್ಕೆ ಅಂಕವಿದೆಯೋ ಅದರ ಕಡೆಗೇ ಆಡಳಿತದ ಕಣ್ಣು ಹೋಗುತ್ತದೆ. ಪರೀಕ್ಷೆಗೆ ಬಾರದ ಪಾಠವನ್ನು ನಾವು ಬಿಡುವುದಿಲ್ಲವೇ, ಹಾಗೆಯೇ.

ಹಾಗಾದರೆ ಸಂಸ್ಕೃತಿಗೆ ಸಿಗುವ ಜಾಗ ಎಷ್ಟು? ವಿಟಿಯು ವ್ಯಾಪ್ತಿಯ ನಮ್ಮ ಪಠ್ಯಕ್ರಮದಲ್ಲಿ ಬಿ.ಇ ಪದವಿಗೆ 160 ಕ್ರೆಡಿಟ್‌. ಅದರಲ್ಲಿ ಕನ್ನಡಕ್ಕೆ 1. ಕನ್ನಡಿಗರಿಗೆ ‘ಸಾಂಸ್ಕೃತಿಕ ಕನ್ನಡ’, ಕನ್ನಡ ಬಾರದವರಿಗೆ ‘ಬಳಕೆ ಕನ್ನಡ’. ಪರೀಕ್ಷೆಯಲ್ಲಿ ಸರಿಯುತ್ತರ ಗುರುತಿಸಿದರೆ ಮುಗಿಯಿತು. ನನ್ನ ರೂಮ್‌ಮೇಟ್ ನೇಪಾಳದವನು. ಅವನು ‘ಬಳಕೆ ಕನ್ನಡ’ದಲ್ಲಿ ತೆಗೆದ ಅಂಕ, ನಾನು ‘ಸಾಂಸ್ಕೃತಿಕ ಕನ್ನಡ’ದಲ್ಲಿ ತೆಗೆದ ಅಂಕಕ್ಕಿಂತ ಜಾಸ್ತಿ! ಇಡೀ ಹಾಸ್ಟೆಲ್ ಒಂದು ವಾರ ನನ್ನನ್ನು ಗೋಳುಹೊಯ್ದುಕೊಂಡಿತು. ಆದರೆ ನಿಜ ಹೇಳಬೇಕೆಂದರೆ ಅವನು ಕನ್ನಡ ಕಲಿತದ್ದು ಆ ತರಗತಿಯಲ್ಲಲ್ಲ, ಮೆಸ್ಸಿನಲ್ಲಿ. ಅಡುಗೆಯ ಗೌರಮ್ಮಕ್ಕನ ಹತ್ತಿರ ‘ಅಕ್ಕಾ, ಇನ್ನೊಂದು ರೊಟ್ಟಿ ಹಾಕ್ರಿ’ ಎನ್ನುವುದರಿಂದ ಶುರುಮಾಡಿ ಈಗ ಅವರ ಮಗನ ಮದುವೆಯ ಮಾತುಕತೆಯವರೆಗೂ ಬಂದಿದ್ದಾನೆ. ಭಾಷೆ ಬೇಕೆನಿಸುವ ಜಾಗ ಇದ್ದರೆ ಯಾರಾದರೂ ಕಲಿಯುತ್ತಾರೆ. ನಮ್ಮ ತರಗತಿ ಮತ್ತು ಲ್ಯಾಬ್‌ಗಳಲ್ಲಿ ಆ ಜಾಗವೇ ಇಲ್ಲ.

ಮಿಲಾನ್‌ನಲ್ಲಿ ನಡೆದದ್ದು

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಇಟಲಿಯ ಮಿಲಾನ್ ನಗರದಲ್ಲಿ ‘ಪೊಲಿಟೆಕ್ನಿಕೊ ಡಿ ಮಿಲಾನೊ’ ಎಂಬ ಪ್ರಸಿದ್ಧ ತಾಂತ್ರಿಕ ವಿಶ್ವವಿದ್ಯಾಲಯವಿದೆ. 1863ರಲ್ಲಿ ಶುರುವಾದದ್ದು. ಎಂಜಿನಿಯರಿಂಗ್, ವಾಸ್ತುಶಿಲ್ಪ ಮತ್ತು ವಿನ್ಯಾಸಕ್ಕೆ ಹೆಸರುವಾಸಿ. 2014ರಿಂದ ತನ್ನ ಸ್ನಾತಕೋತ್ತರ ಮತ್ತು ಡಾಕ್ಟರೇಟ್ ಕೋರ್ಸುಗಳನ್ನೆಲ್ಲ ಇಂಗ್ಲಿಷಿನಲ್ಲಿ ಮಾತ್ರ ನಡೆಸುವುದೆಂದು ಅದು 2012ರಲ್ಲಿ ತೀರ್ಮಾನಿಸಿತು. ಕಾರಣ ಸ್ಪಷ್ಟ: ಬೇರೆ ಬೇರೆ ದೇಶದ ವಿದ್ಯಾರ್ಥಿಗಳು ಬರಬೇಕು, ಇಟಲಿಯ ಎಂಜಿನಿಯರುಗಳಿಗೆ ಜಗತ್ತಿನ ಕೆಲಸಗಳು ಸಿಗಬೇಕು.

ವಿರೋಧಿಸಿದವರು ಅಲ್ಲಿನ ಅಧ್ಯಾಪಕರೇ. ಒಂದು ಗುಂಪು ನ್ಯಾಯಾಲಯಕ್ಕೆ ಹೋಯಿತು. 2013ರಲ್ಲಿ ಪ್ರಾದೇಶಿಕ ಆಡಳಿತ ನ್ಯಾಯಾಲಯ ಅವರ ಪರವಾಗಿ ತೀರ್ಪು ನೀಡಿತು. ವಿವಾದ ಮೇಲಕ್ಕೆ ಹೋಗಿ ಕೊನೆಗೆ ಸಾಂವಿಧಾನಿಕ ನ್ಯಾಯಾಲಯದ ಮುಂದೆ ಬಂತು. 2017ರಲ್ಲಿ ಆ ನ್ಯಾಯಾಲಯ ಹೇಳಿದ್ದನ್ನು ಸರಳವಾಗಿ ಹೀಗೆ ಹೇಳಬಹುದು: ಜಗತ್ತಿಗೆ ತೆರೆದುಕೊಳ್ಳುವ ಗುರಿ ಸರಿಯಾದದ್ದೇ. ಇಟಾಲಿಯನ್ ಕೋರ್ಸುಗಳ ಜತೆಗೆ ಇಂಗ್ಲಿಷ್ ಕೋರ್ಸುಗಳನ್ನೂ ನಡೆಸಬಹುದು, ಕೆಲವು ವಿಷಯಗಳನ್ನು ಇಂಗ್ಲಿಷಿನಲ್ಲೇ ಕಲಿಸಬಹುದು. ಆದರೆ ಇಡೀ ಕೋರ್ಸುಗಳನ್ನು ಇಂಗ್ಲಿಷಿನಲ್ಲಿ ಮಾತ್ರ ನಡೆಸಿ ದೇಶದ ಭಾಷೆಯನ್ನು ಹೊರಗೆ ಹಾಕುವಂತಿಲ್ಲ.

ನನ್ನ ಮನಸ್ಸಿಗೆ ನಾಟಿದ್ದು ಆ ತೀರ್ಪಿನ ಕಾರಣಗಳು. ಇಟಾಲಿಯನ್ ಹಿರಿಮೆಯ ಮಾತು ಅದರಲ್ಲಿದೆ, ನಿಜ. ಅದರ ಜತೆಗೇ ಸಮಾನತೆಯ ಮಾತೂ ಇದೆ. ಹಣದ ಅನುಕೂಲ ಇಲ್ಲದಿದ್ದರೂ ಸಾಮರ್ಥ್ಯವಿರುವ ವಿದ್ಯಾರ್ಥಿ ಓದಿನ ತುದಿ ಮುಟ್ಟಬೇಕು ಎಂದು ಅಲ್ಲಿನ ಸಂವಿಧಾನದಲ್ಲಿದೆ. ಇಂಗ್ಲಿಷ್ ಬಾರದ ಒಂದೇ ಕಾರಣಕ್ಕೆ ಅಂಥವರಿಗೆ ಬಾಗಿಲು ಮುಚ್ಚಬಾರದು. ಅಧ್ಯಾಪಕರಿಗೂ ತಾವು ಹೇಗೆ ಪಾಠ ಮಾಡಬೇಕೆಂಬ ಸ್ವಾತಂತ್ರ್ಯವಿರಬೇಕು. ಅಂದರೆ ಭಾಷೆಯ ಪ್ರಶ್ನೆ ಹೆಮ್ಮೆಯದ್ದು ಮಾತ್ರವಲ್ಲ, ಯಾರು ಒಳಗೆ ಬರಬಹುದು ಎನ್ನುವುದರದ್ದೂ ಹೌದು.

ನಮ್ಮಲ್ಲೂ ಭಾಷೆಯ ವಿಷಯ ನ್ಯಾಯಾಲಯಕ್ಕೆ ಹೋಯಿತು. 2021ರಲ್ಲಿ ರಾಜ್ಯ ಸರ್ಕಾರ ಪದವಿ ತರಗತಿಗಳಲ್ಲಿ ಕನ್ನಡ ಕಲಿಕೆಯನ್ನು ಕಡ್ಡಾಯ ಮಾಡಿತು. ಇಷ್ಟವಿಲ್ಲದ ವಿದ್ಯಾರ್ಥಿಗಳನ್ನು ಒತ್ತಾಯಿಸಬಾರದು ಎಂದು 2022ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಮಧ್ಯಂತರ ಆದೇಶ ನೀಡಿತು. ಮೇಲ್ನೋಟಕ್ಕೆ ಎರಡು ನ್ಯಾಯಾಲಯಗಳು ಎರಡು ದಿಕ್ಕಿಗೆ ಹೋದಂತೆ ಕಾಣುತ್ತದೆ. ನನಗೆ ಹಾಗನಿಸುವುದಿಲ್ಲ. ಒಂದು ಕಡೆ ನೆಲದ ಭಾಷೆಯನ್ನು ಹೊರದಬ್ಬಬೇಡಿ ಎಂದರು, ಇನ್ನೊಂದು ಕಡೆ ಅದನ್ನು ಬಲವಂತವಾಗಿ ಹೇರಬೇಡಿ ಎಂದರು. ಈ ಎರಡರ ನಡುವೆ ದೊಡ್ಡ ಬಯಲೇ ಇದೆ. ನಾವು ಆ ಬಯಲಲ್ಲಿ ಏನನ್ನೂ ಬೆಳೆದಿಲ್ಲ, ಅಷ್ಟೇ.

ಮೂರು ವರ್ಷ, ಮೂರು ಸಂಸ್ಥೆ

ಬೆಳೆಯಬಹುದಿತ್ತು ಎನ್ನುವುದಕ್ಕೆ ಸಾಕ್ಷಿ ನಮ್ಮ ವಿಶ್ವವಿದ್ಯಾಲಯದ ಹೆಸರಿನಲ್ಲೇ ಇದೆ. ಸೆಪ್ಟೆಂಬರ್ 15ಕ್ಕೆ ಪ್ರತಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ವಿಶ್ವೇಶ್ವರಯ್ಯನವರ ಫೋಟೊಗೆ ಹಾರ ಬೀಳುತ್ತದೆ. ಕೆಆರ್‌ಎಸ್ ಅಣೆಕಟ್ಟಿನ ಬಗ್ಗೆ ಭಾಷಣವಾಗುತ್ತದೆ. ಆದರೆ ಈ ಮೂರು ಇಸವಿಗಳನ್ನು ಯಾರೂ ಒಟ್ಟಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ಅವರು ಮೈಸೂರಿನ ದಿವಾನರಾಗಿದ್ದಾಗಲೇ, 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು, ಈಗಿನ ಯುವಿಸಿಇ. ಒಂದಾದ ಮೇಲೊಂದು ಮೂರು ವರ್ಷ, ಮೂರು ಸಂಸ್ಥೆ. 1898ರಲ್ಲೇ ಜಪಾನ್ ನೋಡಿ ಬಂದಿದ್ದ ಎಂಜಿನಿಯರ್‌ಗೆ, ಹೊರಗಿನ ತಾಂತ್ರಿಕ ವಿದ್ಯೆ ಮತ್ತು ಊರಿನ ಭಾಷೆ ಒಂದನ್ನೊಂದು ತುಳಿಯುವ ವಸ್ತುಗಳಾಗಿ ಕಂಡಿರಲಿಲ್ಲ.

ಮುಂದೆ ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆ, ಆರೋಗ್ಯದ ವಿಷಯಗಳನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಆ ಪ್ರಚಾರೋಪನ್ಯಾಸಗಳು ಕಿರುಹೊತ್ತಿಗೆಗಳಾಗಿಯೂ ಬಂದವು. ವಿಶ್ವವಿದ್ಯಾಲಯ ತನ್ನ ಗೇಟಿನಾಚೆಗೆ ಹೋಗುವುದೆಂದರೆ ಹೊರದೇಶಕ್ಕೆ ಹೋಗುವುದು ಮಾತ್ರವಲ್ಲ, ಪಕ್ಕದ ಹಳ್ಳಿಗೆ ಹೋಗುವುದು ಕೂಡ ಎಂದು ಅವರು ತಿಳಿದಿದ್ದರು.

ಇನ್ನೊಂದು ಉದಾಹರಣೆ ನನಗೆ ತೀರಾ ತಡವಾಗಿ ಸಿಕ್ಕಿತು. ಆ ಪ್ರಾಧ್ಯಾಪಕರ ಪ್ರಶ್ನೆಗೆ ಉತ್ತರ ಹುಡುಕುತ್ತ ಲೈಬ್ರರಿಯಲ್ಲಿ ಕೂತಾಗ ಎದುರಾದವರು ಸಿ.ವಿ. ರಾಮನ್. ಅವರು ಮೃದಂಗ ಮತ್ತು ತಬಲಾದ ನಾದದ ಬಗ್ಗೆ ಸಹೋದ್ಯೋಗಿಯೊಬ್ಬರ ಜತೆ ಬರೆದ ಲೇಖನ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಭಾರತೀಯ ಚರ್ಮವಾದ್ಯಗಳ ಬಗ್ಗೆ ಇನ್ನೂ ವಿಸ್ತಾರವಾಗಿ ಬರೆದರು. ಅವರ ಮಾತಿನ ತಿರುಳು ಇಷ್ಟು: ಬರೀ ಬಿಗಿದ ವೃತ್ತಾಕಾರದ ಪೊರೆಯ ಮೇಲ್ಸ್ವರಗಳು ಮೂಲಸ್ವರದ 2 ಪಟ್ಟು, 3 ಪಟ್ಟು ಎಂಬಂತೆ ನೆಟ್ಟಗೆ ಬರುವುದಿಲ್ಲ. 1.59 ಪಟ್ಟು, 2.14 ಪಟ್ಟು ಎಂದು ಅಡ್ಡಾದಿಡ್ಡಿಯಾಗಿ ಬರುತ್ತವೆ. ಹಾಗಾಗಿ ಅಂಥ ವಾದ್ಯದಲ್ಲಿ ಸ್ವರ ಸ್ಪಷ್ಟವಾಗಿ ನಿಲ್ಲುವುದಿಲ್ಲ. ಮೃದಂಗದ ನಡುವೆ ಹಚ್ಚುವ ಕಪ್ಪು ಕರಣೆ ಆ ಸ್ವರಗಳನ್ನು ಸಾಲಿಗೆ ತರುತ್ತದೆ. ನಮ್ಮೂರಿನ ಡೊಳ್ಳಿಗೆ ಕರಣೆ ಇಲ್ಲ. ಅದಕ್ಕೇ ಅದು ಹಾಡುವುದಿಲ್ಲ, ಗುಡುಗುತ್ತದೆ.

ಓದಿ ಮುಗಿಸಿದಾಗ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು. ನೂರು ವರ್ಷದ ಹಿಂದೆ ನಮ್ಮ ವಾದ್ಯ ಜಗತ್ತಿನ ದೊಡ್ಡ ವಿಜ್ಞಾನ ಪತ್ರಿಕೆಗೆ ಹೋಗಿತ್ತು. ಈಗ ಅದು ಅತಿಥಿಗಳಿಗೆ ಸ್ವಾಗತ ಕೋರುವ ಹತ್ತು ನಿಮಿಷಕ್ಕೆ ಮೀಸಲು. ರಾಮನ್ ಮೃದಂಗವನ್ನು ವೇದಿಕೆಯಿಂದ ಲ್ಯಾಬಿಗೆ ಒಯ್ದರು. ನಾವು ಲ್ಯಾಬಿನ ಬಾಗಿಲು ಹಾಕಿ ಡೊಳ್ಳನ್ನು ವೇದಿಕೆಗೆ ಕಳಿಸುತ್ತಿದ್ದೇವೆ.

ವೈಂಡಿಂಗ್ ಅಂಗಡಿಯ ಗೆಳೆಯ

ಇದರಿಂದ ನಷ್ಟ ಯಾರಿಗೆ? ನನ್ನ ಜತೆ ಮೊದಲ ವರ್ಷ ಸೇರಿದ ಒಬ್ಬ ಗೆಳೆಯನಿದ್ದ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ, ನನ್ನ ಹಾಗೆಯೇ. ಗಣಿತದಲ್ಲಿ ನನಗಿಂತ ಚುರುಕು. ಆದರೆ ತರಗತಿಯಲ್ಲಿ ಎದ್ದು ನಿಂತು ಒಂದು ಡೌಟು ಕೇಳಿದವನಲ್ಲ. ವೈವಾದಲ್ಲಿ ಉತ್ತರ ಗೊತ್ತಿದ್ದೂ ಗಂಟಲು ಕಟ್ಟುತ್ತಿತ್ತು. ಬ್ಯಾಕ್‌ಲಾಗ್ ಏರುತ್ತ ಹೋದವು. ಎರಡನೇ ವರ್ಷಕ್ಕೆ ಬರಲೇ ಇಲ್ಲ. ಈಗ ತನ್ನ ಊರಿನಲ್ಲಿ ಮಾವನ ಮೋಟರ್ ವೈಂಡಿಂಗ್ ಅಂಗಡಿ ನೋಡಿಕೊಳ್ಳುತ್ತಾನೆ.

ರಜೆಯಲ್ಲಿ ಅವನ ಅಂಗಡಿಗೆ ಹೋಗಿದ್ದೆ. ಇಂಡಕ್ಷನ್ ಮೋಟರಿನ ‘ಸ್ಲಿಪ್’ ನನಗೆ ಸೂತ್ರವಾಗಿ ಬರುತ್ತಿತ್ತೇ ಹೊರತು ಅರ್ಥವಾಗಿ ಬಂದಿರಲಿಲ್ಲ. ಕೇಳಿದೆ. ತಂತಿ ಸುತ್ತುತ್ತಲೇ ಹೇಳಿದ: ‘ಸ್ಟೇಟರ್ ಒಳಗ ಮ್ಯಾಗ್ನೆಟ್ಟು ತಿರುಗಿದಂಗ ಆಗತೈತಲ್ಲ, ರೋಟರ್ ಅದರ ಬೆನ್ನ ಹತ್ತಿ ಓಡತೈತಿ. ಯಾವತ್ತೂ ಪೂರ್ತಿ ಹಿಡಿಯಂಗಿಲ್ಲ. ಹಿಡೀತಂದ್ರ ಎಳೆಯೋದ ನಿಂತುಬಿಡತೈತಿ. ಒಂದೀಟು ಹಿಂದ ಉಳಿಯೋದರಿಂದನ ಅದು ತಿರುಗತೈತಿ.’ ಇದಕ್ಕಿಂತ ಸರಿಯಾದ ವಿವರಣೆಯನ್ನು ನಾನು ಈವರೆಗೆ ಕೇಳಿಲ್ಲ. ಈ ಮಾತನ್ನು ಹೇಳಬಲ್ಲವನನ್ನು ಒಂದು ಕಾಲೇಜು ಎಂಜಿನಿಯರ್ ಆಗಲು ಯೋಗ್ಯನಲ್ಲ ಎಂದು ಮನೆಗೆ ಕಳಿಸಿದೆ. ಮಿಲಾನ್‌ನ ಅಧ್ಯಾಪಕರು ಹೆದರಿದ್ದು ಇಂಥದ್ದಕ್ಕೇ ಇರಬೇಕು.

ಹಾಗಾದರೆ ಇಡೀ ಎಂಜಿನಿಯರಿಂಗನ್ನು ಕನ್ನಡದಲ್ಲಿ ಕಲಿಸಿದರೆ ಸಾಕೇ? ಎಐಸಿಟಿಇ 2021ರಲ್ಲಿ ಭಾರತೀಯ ಭಾಷೆಗಳಲ್ಲಿ ಬಿ.ಇ ಕಲಿಸಲು ಅನುಮತಿ ಕೊಟ್ಟಿದೆ. ಕನ್ನಡದಲ್ಲಿ ಪಠ್ಯಪುಸ್ತಕಗಳೂ ಬಂದಿವೆ, ಇ-ಕುಂಭ್ ಪೋರ್ಟಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಕನ್ನಡ ಮಾಧ್ಯಮದ ಸೀಟು ಬೇಕೆಂದು ಮುಂದೆ ಬಂದವರು ತೀರಾ ಕಡಿಮೆ. ನನ್ನನ್ನು ಕೇಳಿದ್ದರೂ ನಾನು ಸೇರುತ್ತಿರಲಿಲ್ಲ. ಕ್ಯಾಂಪಸ್ ಸಂದರ್ಶನ ಇಂಗ್ಲಿಷಿನಲ್ಲಿ, ಕಂಪನಿಯ ಇಮೇಲ್ ಇಂಗ್ಲಿಷಿನಲ್ಲಿ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಓದಿಸುತ್ತಿರುವಾಗ ಆ ಧೈರ್ಯ ಎಲ್ಲಿಂದ ಬರಬೇಕು? ಇದನ್ನು ಮುಚ್ಚಿಟ್ಟು ಭಾಷಾಭಿಮಾನದ ಮಾತಾಡಿದರೆ ಅದು ಸುಳ್ಳಾಗುತ್ತದೆ.

ಇಂಗ್ಲಿಷ್ ಇರಲಿ. ಅದು ತರಗತಿಯ ಒಂದೇ ಕಿಟಕಿಯಾಗದಿರಲಿ ಎನ್ನುವುದಷ್ಟೇ ನನ್ನ ಕೋರಿಕೆ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಡೌಟನ್ನು ಕನ್ನಡದಲ್ಲಿ ಕೇಳಬಹುದು ಎಂದು ಅಧ್ಯಾಪಕರು ಮೊದಲ ದಿನವೇ ಹೇಳಲಿ. ಮೊದಲ ವರ್ಷದ ವೈವಾದಲ್ಲಿ ಎರಡು ಭಾಷೆಗೂ ಅವಕಾಶವಿರಲಿ. ಇ-ಕುಂಭ್‌ನ ಕನ್ನಡ ಪುಸ್ತಕಗಳ ಪ್ರತಿಗಳು ಲೈಬ್ರರಿಯಲ್ಲಿ ಇಂಗ್ಲಿಷ್ ಪುಸ್ತಕದ ಪಕ್ಕದಲ್ಲೇ ಕೂರಲಿ. ಕಿರು ಪ್ರಾಜೆಕ್ಟಿಗೆ ಊರಿನ ವಸ್ತುವೊಂದನ್ನು ಆರಿಸಿಕೊಂಡರೆ ಅದನ್ನು ಕೀಳಾಗಿ ನೋಡದಿರಲಿ. ಕೂರಿಗೆಯಾಗಲಿ, ಎಣ್ಣೆ ಗಾಣವಾಗಲಿ, ಇಳಕಲ್ ಮಗ್ಗವಾಗಲಿ. ವಿದೇಶಿ ಅತಿಥಿಗಳು ಬಂದಾಗ ಪೇಟ ತೊಡಿಸಿ ಕಳಿಸುವ ಬದಲು ಆ ಪ್ರಾಜೆಕ್ಟುಗಳ ಮುಂದೆ ಅರ್ಧ ಗಂಟೆ ನಿಲ್ಲಿಸಲಿ. ನೇಪಾಳದ ನನ್ನ ಗೆಳೆಯನಂಥವರಿಗೆ ಕನ್ನಡವನ್ನು ಕಲಿಸಲು ನಮ್ಮಂಥ ವಿದ್ಯಾರ್ಥಿಗಳನ್ನೇ ಬಿಡಲಿ, ಅವರಿಂದ ನಾವೂ ಅವರ ಭಾಷೆ ಕಲಿಯುತ್ತೇವೆ. ಇದ್ಯಾವುದಕ್ಕೂ ಹೊಸ ಕಟ್ಟಡ ಬೇಕಾಗಿಲ್ಲ.

ದಸರಾ ರಜೆಗೆ ಊರಿಗೆ ಹೋದಾಗ ಅಪ್ಪನ ಡೊಳ್ಳಿನ ದನಿಯನ್ನು ಮೊಬೈಲಿನ ಆ್ಯಪ್‌ನಲ್ಲಿ ದಾಖಲಿಸಿದೆ. ಬೆಂಕಿಗೆ ಕಾಯಿಸುವ ಮೊದಲು ಒಮ್ಮೆ, ಕಾಯಿಸಿದ ಮೇಲೆ ಒಮ್ಮೆ. ಗ್ರಾಫಿನ ಗೆರೆ ಬಲಕ್ಕೆ ಸರಿದದ್ದು ಕಣ್ಣಿಗೆ ಕಾಣುತ್ತಿತ್ತು. ಎರಡು ಬದಿಯ ಚರ್ಮ ಬೇರೆ ಬೇರೆ, ದಪ್ಪವೂ ಬೇರೆ. ಅದಕ್ಕೇ ಎರಡು ದನಿ. ಅಷ್ಟನ್ನೂ ಇಂಗ್ಲಿಷಿನಲ್ಲಿ ಬರೆದು ಆ ಪ್ರಾಧ್ಯಾಪಕರಿಗೆ ಇಮೇಲ್ ಮಾಡಲು ಕೂತಿದ್ದೆ.

ಅಪ್ಪ ಬಂದು ಪಕ್ಕದಲ್ಲಿ ಕೂತರು. ‘ಏನ್ ಬರೀಲಿಕತ್ತಿ ತಮ್ಮಾ?’ ಎಂದರು. ‘ಡೊಳ್ಳಿನ ಬಗ್ಗೆನಪ್ಪಾ’ ಎಂದೆ. ‘ಮೊದಲ ನನಗ ಹೇಳು, ಆಮ್ಯಾಲೆ ಅವರಿಗೆ ಕಳಸುವಂತಿ.’

ಲ್ಯಾಪ್‌ಟಾಪ್ ಮುಚ್ಚಿಟ್ಟು ಹೇಳಲು ಶುರುಮಾಡಿದೆ. ಸೂತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಒಂದು ಗಂಟೆ ಬೇಕಾಯಿತು. ನಡುವೆ ಅಪ್ಪ ಎರಡು ಕಡೆ ನನ್ನನ್ನು ತಿದ್ದಿದರು. ಇಮೇಲ್ ಕಳಿಸಿದ್ದು ಮರುದಿನ, ಅವರ ತಿದ್ದುಪಡಿಗಳನ್ನೂ ಸೇರಿಸಿ.